ಆಕ್ಸಿಲರೇಟರ್ ತುಳಿದಾಗ ಮಾತ್ರ ನಡುಗುವ ಕಾರು

ಚಿತ್ರದುರ್ಗದಿಂದ ದಾವಣಗೆರೆಗೆ ಹೊರಟಿದ್ದೀರಿ ಅಂದುಕೊಳ್ಳಿ. ಭರಮಸಾಗರ ದಾಟಿ, ಹೆಬ್ಬಾಳು ಟೋಲ್‌ನಲ್ಲಿ ನಿಂತು ಮತ್ತೆ ಹೊರಡುತ್ತೀರಿ. ವೇಗ 40 ದಾಟುತ್ತಿದ್ದಂತೆ ಸೀಟಿನ ಅಡಿಯಿಂದ ನಡುಕ ಶುರು. 70ರ ತನಕ ಇರುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ತಕ್ಷಣ ಮಾಯ. ಮತ್ತೆ ತುಳಿದರೆ ಮತ್ತೆ ಹಾಜರು.

ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ಸಾಮಾನ್ಯವಾಗಿ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡುತ್ತಾರೆ. ಆಮೇಲೆ ಅಲೈನ್‌ಮೆಂಟ್. ಅದಕ್ಕೂ ಬಗ್ಗದಿದ್ದರೆ ಟೈರ್ ಬದಲಿಸಿ ಅನ್ನುತ್ತಾರೆ. ದುಡ್ಡು ಹೋಗುತ್ತದೆ, ನಡುಕ ಹೋಗುವುದಿಲ್ಲ. ಯಾವುದೇ ಸಾಮಾನು ಬದಲಿಸುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಈ ನಡುಕ ಯಾವುದರ ಜೊತೆ ಹೆಚ್ಚುಕಮ್ಮಿ ಆಗುತ್ತದೆ? ಕಾರಿನ ವೇಗದ ಜೊತೆಗಾ? ಇಂಜಿನ್ ತಿರುಗುವ ವೇಗದ ಜೊತೆಗಾ? ಇಲ್ಲಾ ಇಂಜಿನ್ ಹಾಕುವ ಬಲದ ಜೊತೆಗಾ?

ಚಕ್ರದಿಂದಲೇ ನೋಡೋಣ. ಸಾಧಾರಣ ಕಾರಿನ ಟೈರಿನ ಸುತ್ತಳತೆ ಹತ್ತಿರಹತ್ತಿರ 1.9 ಮೀಟರ್. ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಅಲ್ಲಿಗೆ ಚಕ್ರ ಸೆಕೆಂಡಿಗೆ 9ಕ್ಕಿಂತ ತುಸು ಕಮ್ಮಿ ಸುತ್ತು ಹಾಕುತ್ತದೆ. ಚಕ್ರದ ಒಂದು ಕಡೆ ಭಾರ ಜಾಸ್ತಿ ಇದ್ದರೆ ಸೆಕೆಂಡಿಗೆ ಸುಮಾರು 9 ಸಲ ಎಳೆತ. ನಮ್ಮ ಕಡೆ ಇದಕ್ಕೆ ಒಂದು ಸುಲಭದ ಕಾರಣ ಇದೆ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದು ಬಂದರೆ ರಿಮ್ಮಿನ ಒಳಗೆ ಎರೆಮಣ್ಣು ಮೆತ್ತಿಕೊಂಡು ಹಾಗೇ ಒಣಗುತ್ತದೆ. 14 ಇಂಚಿನ ರಿಮ್ಮಿಗೆ ಬರೀ 50 ಗ್ರಾಂ ಮಣ್ಣು ಅಂಟಿದ್ದರೂ, 100ರ ವೇಗದಲ್ಲಿ ಅದು ಸುಮಾರು ಏಳೂವರೆ ಕೆಜಿ ಭಾರದಷ್ಟು ಬಲದಿಂದ ಚಕ್ರವನ್ನು ಎಳೆಯುತ್ತದೆ. 50ರಲ್ಲಿ ಎರಡು ಕೆಜಿಗೂ ಕಮ್ಮಿ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು.

ಬ್ಯಾಲೆನ್ಸ್ ತಪ್ಪಿದ ನಡುಕ ಸಾಮಾನ್ಯವಾಗಿ 80ರಿಂದ 110ರ ನಡುವೆ ಎದ್ದು ಕಾಣುವುದಕ್ಕೆ ಇನ್ನೊಂದು ಕಾರಣವೂ ಇದೆ. ಟೈರ್ ಮತ್ತು ಸ್ಪ್ರಿಂಗ್ ನಡುವೆ ಸಿಕ್ಕಿಕೊಂಡ ಚಕ್ರಕ್ಕೆ ತನ್ನದೇ ಒಂದು ಕುಣಿತ ಇದೆ, ಸೆಕೆಂಡಿಗೆ ಸರಿಸುಮಾರು 10ರಿಂದ 15 ಸಲ. ಚಕ್ರ ಸುತ್ತುವ ಲೆಕ್ಕ ಅದಕ್ಕೆ ಹೊಂದಿಕೊಂಡಾಗ ಸಣ್ಣ ಎಳೆತವೂ ದೊಡ್ಡದಾಗುತ್ತದೆ. ಸರಿಯಾದ ಹೊತ್ತಿಗೆ ತಳ್ಳಿದರೆ ಜೋಕಾಲಿ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ. ಆದರೆ ಮಣ್ಣಿಗೆ ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕಾಲು ತೆಗೆದರೂ ವೇಗ ಅಷ್ಟೇ ಇದ್ದರೆ ನಡುಕವೂ ಇರಲೇಬೇಕು. ಕಾಲು ತೆಗೆದ ಕೂಡಲೇ ಮಾಯವಾಗುವ ನಡುಕಕ್ಕೆ ಬ್ಯಾಲೆನ್ಸಿಂಗ್ ಮದ್ದಲ್ಲ.

ಹಾಗಾದರೆ ಇಂಜಿನ್ನಾ? ಇದನ್ನು ಗೇರಿನಿಂದ ತಿಳಿಯಬಹುದು. ಖಾಲಿಯಾದ, ನೇರವಾದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 60ಕ್ಕೆ ಬನ್ನಿ. ಆಮೇಲೆ ನಾಲ್ಕನೇ ಗೇರಿನಲ್ಲಿ ಅದೇ 60ರಲ್ಲಿ ತುಳಿದು ನೋಡಿ. ಚಕ್ರದ ವೇಗ ಬದಲಾಗಿಲ್ಲ, ಇಂಜಿನ್ ಸುತ್ತು ಮಾತ್ರ ಇಳಿದಿದೆ. ನಡುಕ ಅದೇ 60ರಲ್ಲೇ ಬಂದರೆ ಇಂಜಿನ್ ಮೇಲಿನ ಅನುಮಾನ ಕಮ್ಮಿಯಾಗುತ್ತದೆ. ಹೊಸ ಗೇರಿನಲ್ಲಿ ಬೇರೆ ವೇಗಕ್ಕೆ ಜಾರಿದರೆ ಇಂಜಿನ್ ಕಡೆ ನೋಡಿ. ಜೊತೆಗೆ ಒಬ್ಬರು ಕೂತು ಬರೆದುಕೊಂಡರೆ ಒಳ್ಳೆಯದು. ಲಾರಿಗಳ ನಡುವೆ ಮಾಡುವ ಕೆಲಸ ಇದಲ್ಲ.

ಇಂಜಿನ್ನಿನ ಮಟ್ಟಿಗೆ ಎರಡು ಮಾತು. ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಅಂದರೆ ಅದರಲ್ಲಿ ಆಗಾಗ ಪೆಟ್ರೋಲ್ ಉರಿಯದಿದ್ದರೆ, ಅದು ಜೋರಾಗಿ ಗೊತ್ತಾಗುವುದು ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ. ಆಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ ಇರುತ್ತದೆ. ದಟ್ಟವಾದ ಗಾಳಿಯಲ್ಲಿ ಕಿಡಿ ಹಾರಿಸಲು ವೋಲ್ಟೇಜ್ ಜಾಸ್ತಿ ಬೇಕು. ಸೋತ ಸ್ಪಾರ್ಕ್ ಪ್ಲಗ್ಗಿಗೋ ಅದಕ್ಕೆ ವೋಲ್ಟೇಜ್ ಕೊಡುವ ಕಾಯಿಲ್ಲಿಗೋ ಅಷ್ಟು ಆಗುವುದಿಲ್ಲ. ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸುವುದು ಬೇಡ, ಸುಡದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಇನ್ನೊಂದು, ಇಂಜಿನ್ನನ್ನು ಬಾಡಿಗೆ ಕೂರಿಸುವ ಇಂಜಿನ್ ಮೌಂಟಿಂಗ್. ಅದರ ರಬ್ಬರ್ ಹರಿದಿದ್ದರೆ, ಬಲ ಬಿದ್ದಾಗ ಇಂಜಿನ್ ಓರೆಯಾಗಿ, ಅದರ ನಡುಕ ನೇರ ಬಾಡಿಗೆ ಬರುತ್ತದೆ.

ಈಗ ನಮ್ಮ ಟೋಲ್‌ ಕಾರಿಗೆ ಬರೋಣ. ಗೇರು ಬದಲಿಸಿದರೂ ನಡುಕ ಬರುವ ವೇಗ ಅದೇ. ಕಾಲು ತೆಗೆದರೆ ಇಲ್ಲ. ಅಂದರೆ ಚಕ್ರದ ಜೊತೆ ತಿರುಗುವ ಯಾವುದೋ ಒಂದು, ಬಲ ಬಿದ್ದಾಗ ಮಾತ್ರ ತಕರಾರು ಮಾಡುತ್ತಿದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮೊದಲು ಅನುಮಾನ ಪಡಬೇಕಾದ್ದು ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟ್, ನಮ್ಮ ಮೆಕ್ಯಾನಿಕ್‌ಗಳು ಆಕ್ಸಲ್ ಅನ್ನುವುದು. ಅದರಲ್ಲೂ ಗೇರ್‌ಬಾಕ್ಸ್ ಕಡೆಯ ಒಳ ಜಾಯಿಂಟ್.

ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಇಂಥ ಜಾಯಿಂಟ್ ಬಿಚ್ಚುವುದನ್ನು ನೋಡಿದ್ದೇನೆ. ಜಾಯಿಂಟನ್ನು ಮುಚ್ಚುವ ರಬ್ಬರ್ ಚೀಲ, ಅಂದರೆ ಬೂಟ್, ಮಡಿಕೆಯಲ್ಲಿ ಸೀಳಿತ್ತು. ಒಳಗಿನ ಗ್ರೀಸ್ ಸುತ್ತಲೂ ಎರಚಿಕೊಂಡು, ಮೇಲೆ ಧೂಳು ಕೂತು ಕಪ್ಪಗೆ ಗಟ್ಟಿಯಾಗಿತ್ತು. ಡೀಸೆಲ್‌ನಲ್ಲಿ ತೊಳೆದ ಮೇಲೆ ಉಕ್ಕಿನ ಬಟ್ಟಲು ಕಾಣಿಸಿತು. ಅದರ ಒಳಗೋಡೆಯಲ್ಲಿ ಮೂರು ಉದ್ದನೆಯ ಕಾಲುವೆ, ಅವುಗಳಲ್ಲಿ ಓಡಾಡಲು ಶಾಫ್ಟಿನ ತುದಿಯಲ್ಲಿ ಮೂರು ರೋಲರ್. "ಉಗುರು ಆಡಿಸಿ ನೋಡಿ ಸರ್" ಅಂದರು ಮೆಕ್ಯಾನಿಕ್. ಕಾಲುವೆಯ ಒಂದು ಬದಿ ನುಣ್ಣಗಿತ್ತು. ಇನ್ನೊಂದು ಬದಿಯಲ್ಲಿ ನಟ್ಟನಡುವೆ ಉಗುರು ತಡೆದು ನಿಂತಿತು. ಕಣ್ಣಿಗೆ ಬರೀ ಹೊಳೆಯುವ ಗೆರೆ, ಬೆರಳಿಗೆ ತಗ್ಗು. ತಗ್ಗು ಬಿದ್ದಿದ್ದು ಕಾರು ಮುಂದಕ್ಕೆ ಹೋಗುವಾಗ ಬಲ ಬೀಳುವ ಬದಿಯಲ್ಲಿ.

ಅಷ್ಟು ಸಣ್ಣ ತಗ್ಗು ಇಡೀ ಕಾರನ್ನು ನಡುಗಿಸುತ್ತದಾ? ಹೌದು. ಚಕ್ರ ಮೇಲೆ ಕೆಳಗೆ ಆಡುವಾಗ ಶಾಫ್ಟಿನ ಉದ್ದ ಹೆಚ್ಚುಕಮ್ಮಿ ಆಗಬೇಕು. ಅದಕ್ಕೇ ರೋಲರ್‌ಗಳು ಕಾಲುವೆಯಲ್ಲಿ ಸರಿದಾಡುವಂತೆ ಮಾಡಿದ್ದಾರೆ. ಶಾಫ್ಟ್ ಓರೆಯಾಗಿ ತಿರುಗುವಾಗ ಪ್ರತಿ ರೋಲರ್ ಸುತ್ತಿಗೊಂದು ಸಲ ಹಿಂದೆ ಮುಂದೆ ಹೋಗಿ ಬರುತ್ತದೆ. ತಗ್ಗಿನಲ್ಲಿ ಸಿಕ್ಕಿಕೊಂಡರೆ ಸಲೀಸಾಗಿ ಸರಿಯದೆ ಶಾಫ್ಟನ್ನು ಅಡ್ಡಕ್ಕೆ ತಳ್ಳುತ್ತದೆ. ರೋಲರ್ ಮೂರು, ಹಾಗಾಗಿ ಸುತ್ತಿಗೆ ಮೂರು ತಳ್ಳಾಟ. 60ರ ವೇಗದಲ್ಲಿ ಸೆಕೆಂಡಿಗೆ ಸುಮಾರು 26. ಈ ತಳ್ಳಾಟ ಎರಡರಿಂದ ಹೆಚ್ಚುತ್ತದೆ: ಶಾಫ್ಟಿನ ಮೇಲೆ ಬೀಳುವ ಬಲ, ಮತ್ತು ಅದರ ಓರೆ. ಆಕ್ಸಿಲರೇಟರ್ ತುಳಿದಾಗ ಎರಡೂ ಒಟ್ಟಿಗೇ ಏರುತ್ತವೆ, ಯಾಕೆಂದರೆ ಕಾರಿನ ಮೂತಿ ಮೇಲೇಳುತ್ತದೆ, ಶಾಫ್ಟ್ ಇನ್ನಷ್ಟು ಓರೆಯಾಗುತ್ತದೆ. ಕಾಲು ತೆಗೆದರೆ ಎರಡೂ ಇಳಿಯುತ್ತವೆ. ಟೋಲ್‌ನಲ್ಲಿ ಕಂಡ ಆ ಮಾಯಾಜಾಲದ ಗುಟ್ಟು ಇಷ್ಟೇ. ನನಗಂತೂ ಕಾರಿನ ಇಡೀ ಯಂತ್ರದಲ್ಲಿ ಇದಕ್ಕಿಂತ ಚಂದದ ತರ್ಕ ಕಂಡಿಲ್ಲ.

ಚಕ್ರದ ಕಡೆಯ ಹೊರ ಜಾಯಿಂಟ್ ಸವೆದರೆ ಲಕ್ಷಣ ಬೇರೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಯೂ-ಟರ್ನ್ ಹೊಡೆಯುವಾಗ ಕಟ್ ಕಟ್ ಸದ್ದು. ಹಿಂದಿನ ಚಕ್ರಕ್ಕೆ ಬಲ ಹೋಗುವ ಬೊಲೆರೊದಂಥ ಗಾಡಿಗಳಲ್ಲಿ ಹಿಂದಕ್ಕೆ ಬಲ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಯುಜೆ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ನೋಡಬೇಕು. ಆ ಜಾಯಿಂಟಿನ ಗುಣವೇ ಹಾಗೆ: ಓರೆಯಾಗಿದ್ದರೆ, ಈ ತುದಿ ಒಂದೇ ಸಮನೆ ತಿರುಗಿದರೂ ಆ ತುದಿ ಸುತ್ತಿಗೆ ಎರಡು ಸಲ ಜೋರಾಗಿ ಎರಡು ಸಲ ನಿಧಾನವಾಗಿ ತಿರುಗುತ್ತದೆ. 17ನೇ ಶತಮಾನದಲ್ಲೇ ರಾಬರ್ಟ್ ಹುಕ್ ಇದನ್ನು ವಿವರಿಸಿದ್ದ. 10 ಡಿಗ್ರಿ ಓರೆಯಲ್ಲಿ ಈ ಏರಿಳಿತ ಶೇಕಡಾ ಒಂದೂವರೆ, 30 ಡಿಗ್ರಿಯಲ್ಲಿ ಶೇಕಡಾ 13–15ರಷ್ಟು. ಸ್ಟೇರಿಂಗ್ ತಿರುಗಿಸಿದಾಗ ಇಷ್ಟು ಏರುಪೇರಾದರೆ ಮುಂದಿನ ಚಕ್ರದಿಂದ ಕಾರು ಎಳೆಯುವುದು ಕಷ್ಟ. ಇದನ್ನು ತಪ್ಪಿಸುವ ಜಾಯಿಂಟ್‌ಗಳು ಬಂದ ಮೇಲೆಯೇ 1959ರ ಮಿನಿ, ನಮ್ಮಲ್ಲಿ 1983ರ ಮಾರುತಿ 800ರಂಥ ಸಣ್ಣ ಕಾರುಗಳು ಮುಂದಿನ ಚಕ್ರದಿಂದ ಸಲೀಸಾಗಿ ಓಡಿದ್ದು.

ಕೈಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ನಡುಕವನ್ನು ಎಣಿಸಲೂಬಹುದು. ಅದರೊಳಗೆ ಅಲುಗಾಟ ಅಳೆಯುವ ಆಕ್ಸಿಲರೋಮೀಟರನ್ನು ಓದುವ ಉಚಿತ ಆ್ಯಪ್‌ಗಳಿವೆ. ಫೋನನ್ನು ಸೀಟಿನ ಕೆಳಗಿನ ಗಟ್ಟಿ ಲೋಹಕ್ಕೆ ಬಿಗಿಯಾಗಿ ಟೇಪ್ ಹಾಕಿ, 60ರಲ್ಲಿ ಒಮ್ಮೆ ತುಳಿದು ಒಮ್ಮೆ ಬಿಟ್ಟು ದಾಖಲಿಸಿ. ಗ್ರಾಫಿನಲ್ಲಿ ಸೆಕೆಂಡಿಗೆ 9 ಸಲದ ಹತ್ತಿರ ಮೊನೆ ಎದ್ದರೆ ಚಕ್ರ, 26ರ ಹತ್ತಿರ ಎದ್ದರೆ ಒಳ ಜಾಯಿಂಟ್. ಫೋನ್ ಸೆಕೆಂಡಿಗೆ 100 ಸಲ ಮಾತ್ರ ಅಳೆಯುವುದಾದರೆ ಸೆಕೆಂಡಿಗೆ 50 ಸಲಕ್ಕಿಂತ ಮೇಲಿನ ನಡುಕ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. 2400 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಇಂಜಿನ್ ಸೆಕೆಂಡಿಗೆ 80 ಸಲ, ಮೂರು ಸಿಲಿಂಡರಿನದು 60 ಸಲ ಉರಿಯುತ್ತದೆ. ಅಷ್ಟು ಮೇಲಿನದ್ದು ಅಂಥ ಫೋನಿನಲ್ಲಿ ತಪ್ಪು ಜಾಗದಲ್ಲಿ ಕಾಣಬಹುದು.

ಕಾರು ರ‍್ಯಾಂಪಿನ ಮೇಲೆ ಏರಿದಾಗಲೆಲ್ಲ ನಾಲ್ಕೂ ಬೂಟ್ ನೋಡಲು ಹೇಳಿ. ಸೀಳು ಆಗಷ್ಟೇ ಬಿದ್ದಿದ್ದರೆ ಬೂಟ್, ಗ್ರೀಸ್ ಬದಲಿಸಿದರೆ ಸಾಕು. ಮಣ್ಣು ಒಳಗೆ ಹೋಗಿ ತಗ್ಗು ಬಿದ್ದ ಮೇಲೆ ಹೊಸ ಗ್ರೀಸ್ ತುಂಬಿದರೆ ನಡುಕ ಸ್ವಲ್ಪ ದಿನ ಅಡಗಬಹುದು, ಅಷ್ಟೇ. ಜಾಯಿಂಟ್ ಬದಲಿಸಿದ ಮೇಲೆ ಅದೇ ರಸ್ತೆಯಲ್ಲಿ, ಅಷ್ಟೇ ಜನ ಕೂತು, ಅದೇ ಗೇರಿನಲ್ಲಿ ಓಡಿಸಿ ನೋಡಿ. ಇನ್ನೂ ನಡುಕ ಉಳಿದಿದ್ದರೆ ಇನ್ನೊಂದು ಬದಿಯ ಜಾಯಿಂಟನ್ನೂ ಬಿಚ್ಚಿಸಿ, ಕಾಲುವೆಯಲ್ಲಿ ಉಗುರು ಆಡಿಸಿ ನೋಡಿ.