ಅಜ್ಜ ಹಡಗಿನಲ್ಲಿದ್ದರು, ಸರಿ. ಏನು ಕೆಲಸ ಮಾಡ್ತಿದ್ದರು?

ಪ್ರಶ್ನೆ: "ನಮ್ಮ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ, 1912ರ ಸುಮಾರಿಗೆ, ಬಾಂಬೆಯ ಹಡಗೊಂದರಲ್ಲಿ ಕ್ಯಾಪ್ಟನ್ ಆಗಿದ್ದರಂತೆ. ಅವರ ಸರ್ವೀಸ್ ರೆಕಾರ್ಡ್ ಎಲ್ಲಿ ಸಿಗುತ್ತೆ? ಲಂಡನ್ನಿಗೆ ಬರೀಬೇಕಾ?"

ಸಮುದ್ರದಿಂದ ಇಷ್ಟು ದೂರದ ದಾವಣಗೆರೆಯಲ್ಲಿ ಇದನ್ನು ಯಾರು ಕೇಳ್ತಾರೆ ಅಂತೀರಾ? ಕೇಳ್ತಾರೆ. ನಮ್ಮ ಕಡೆ ಸಾಗರ ಅಂದರೆ ವಾಣಿವಿಲಾಸ ಸಾಗರ, ಇಲ್ಲಾಂದರೆ ಸೂಳೆಕೆರೆಗೆ ಇಟ್ಟ ಶಾಂತಿಸಾಗರ ಅನ್ನೋ ಹೆಸರು. ಎರಡರ ನೀರೂ ಸಿಹಿ. ಆದರೂ ಬರಗಾಲಕ್ಕೋ, ಸಾಲಕ್ಕೋ, ಅಪ್ಪನ ಜೊತೆ ಜಗಳಕ್ಕೋ ಊರು ಬಿಟ್ಟು ಬಾಂಬೆ ಸೇರಿ, ಹೋಟೆಲಿನಲ್ಲಿ ಲೋಟ ತೊಳೆದು, ಯಾರದೋ ಪರಿಚಯ ಹಿಡಿದು ಹಡಗು ಹತ್ತಿದವರು ನಮ್ಮ ಮನೆತನಗಳಲ್ಲೂ ಇದ್ದಾರೆ. ನಾನು ಹಡಗಿನ ಎಂಜಿನ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಬೆವರಿಳಿಸಿ ಬಂದವನು ಅಂತ ಬಡಾವಣೆಗೆಲ್ಲ ಗೊತ್ತು. ಹಬ್ಬದ ರಜೆ ಬಂತೆಂದರೆ ಒಬ್ಬರಾದರೂ ಹಳೇ ಫೋಟೊ ಹಿಡಿದು ಗೇಟು ತಳ್ಳುತ್ತಾರೆ. ಹೇಳಿ ಹೇಳಿ ಬಾಯಿ ಒಣಗಿದೆ, ಒಮ್ಮೆ ಬರೆದು ಮುಗಿಸ್ತೀನಿ.

ಉತ್ತರ ಚಿಕ್ಕದು. ಸಿಗಬಹುದು. ಲಂಡನ್ನಿಗೆ ಬರೆಯೋದು ಕೊನೇ ಕೆಲಸ, ಅಟ್ಟದ ಮೇಲಿನ ಟ್ರಂಕು ಇಳಿಸೋದು ಮೊದಲನೇದು. ಅದಕ್ಕೂ ಮೊದಲು ಆ 'ಕ್ಯಾಪ್ಟನ್' ಅನ್ನೋ ಮಾತನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬರಬೇಕು.

ಈ ಕ್ಯಾಪ್ಟನ್ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. ನನ್ನ ಹತ್ತಿರ ಬಂದವರಲ್ಲಿ ಒಬ್ಬರ ಅಜ್ಜನೂ ಡೆಕ್ಕಿನಲ್ಲಿ ದುಡಿಯೋ ಖಲಾಸಿಯಾಗಿರಲಿಲ್ಲ, ಅಡುಗೆ ಮಾಡೋ ಭಂಡಾರಿಯಾಗಿರಲಿಲ್ಲ, ಬಾಯ್ಲರಿಗೆ ಕಲ್ಲಿದ್ದಲು ಹಾಕಿರಲಿಲ್ಲ. ಎಲ್ಲರೂ ಕ್ಯಾಪ್ಟನ್ನೇ. ಒಂದು ಹಡಗಿಗೆ ಒಬ್ಬನೇ ಕ್ಯಾಪ್ಟನ್, ಅವನ ಕೈಕೆಳಗೆ ನೂರು ಇನ್ನೂರು ಜನ. ಆ ಇನ್ನೂರು ಜನಕ್ಕೆ ಮೊಮ್ಮಕ್ಕಳೇ ಹುಟ್ಟಲಿಲ್ಲವೇ?

ಲೆಕ್ಕ ಹಾಕಿ ನೋಡಿ. ಬ್ರಿಟಿಷ್ ಹಡಗುಗಳಲ್ಲಿ ವಿದೇಶ ಪ್ರಯಾಣದ ಮಾಸ್ಟರ್‌ಗೆ, ಅಂದರೆ ಕ್ಯಾಪ್ಟನ್‌ಗೆ, ಪರೀಕ್ಷೆ ಪಾಸಾದ ಸರ್ಟಿಫಿಕೇಟು 1850ರ ಕಾಯ್ದೆಯಿಂದಲೇ ಕಡ್ಡಾಯ. ಆ ಪರೀಕ್ಷೆಗೆ ಕೂರೋಕೆ ಸಾಮಾನ್ಯವಾಗಿ ಮೊದಲು ಅಪ್ರೆಂಟಿಸ್ ಆಗಿ ಹಡಗು ಹತ್ತಬೇಕಿತ್ತು. ದೊಡ್ಡ ಕಂಪನಿಗಳು ಆ ಜಾಗಕ್ಕೆ ನಮ್ಮ ಹುಡುಗರನ್ನ ತಗೊಳ್ತಿರಲಿಲ್ಲ. ಭಾರತೀಯ ಹುಡುಗರನ್ನ ಅಧಿಕಾರಿ ಮಾಡೋಕೆ ಅಂತಲೇ 'ಡಫರಿನ್' ತರಬೇತಿ ಹಡಗು ಬಾಂಬೆಯಲ್ಲಿ ಶುರುವಾಗಿದ್ದು 1927ರಲ್ಲಿ. ಮೂರು ವರ್ಷ ಅಲ್ಲಿ ಕಲಿಯಬೇಕು, ಆಮೇಲೆ ಸಮುದ್ರದಲ್ಲಿ ದಿನ ತುಂಬಿಸಬೇಕು, ಸೆಕೆಂಡ್ ಮೇಟ್, ಫಸ್ಟ್ ಮೇಟ್, ಮಾಸ್ಟರ್ ಅಂತ ಒಂದೊಂದೇ ಪರೀಕ್ಷೆ ದಾಟಬೇಕು. 1930ರ ದಶಕ ಅರ್ಧ ಕಳೆಯೋವರೆಗೆ ಡಫರಿನ್ ಹುಡುಗ ಕ್ಯಾಪ್ಟನ್ ಆಗೋ ಮಾತೇ ಇಲ್ಲ. ನಿಮ್ಮ ಮುತ್ತಜ್ಜ 1912ರಲ್ಲಿ ಹೇಗಾದರು?

ಹಾಗಂತ ಮನೆಯವರು ಸುಳ್ಳು ಹೇಳಿದರು ಅಂತಲ್ಲ. ಹಡಗಿನಲ್ಲಿ 'ಸಾರಂಗ' ಅನ್ನೋ ಹುದ್ದೆಯಿತ್ತು. ಜಿಂಕೆಯಲ್ಲ, ಪರ್ಷಿಯನ್ ಭಾಷೆಯ ಸರ್‌ಹಂಗ್, ನಾಯಕ ಅಂತ ಅರ್ಥ. ಡೆಕ್ಕಿನ ಖಲಾಸಿಗಳಿಗೆಲ್ಲ ಅವನೇ ಮೇಸ್ತ್ರಿ. ಆಳು ಆರಿಸುವವನೂ ಅವನೇ, ಕೆಲಸ ಹಂಚುವವನೂ ಅವನೇ, ಎಷ್ಟೋ ಸಲ ಊರಿನಿಂದ ಹುಡುಗರನ್ನ ಕರೆತಂದು ಹಡಗು ಹತ್ತಿಸಿದವನೂ ಅವನೇ. ಬಿಳಿ ಕ್ಯಾಪ್ಟನ್ ಮೇಲೆ ಬ್ರಿಡ್ಜಿನಲ್ಲಿ ನಿಂತಿರ್ತಿದ್ದ, ಖಲಾಸಿಗೆ ದೇವರೂ ಯಮನೂ ಸಾರಂಗನೇ. ಅವನ ಕೆಳಗೆ ಸಹಾಯಕ ಮೇಸ್ತ್ರಿ ಟಿಂಡಾಲ, ಚುಕ್ಕಾಣಿ ಹಿಡಿಯೋ ಸುಕ್ಕಾನಿ, ಸ್ಟೋರಿನ ಕಸಬ, ಗುಡಿಸೋ ಟೋಪಾಸ್. ಕೆಳಗೆ ಎಂಜಿನ್ ಕಡೆ ಬೆಂಕಿಯ ಆಗ್‌ವಾಲಾ, ಇದ್ದಲಿನ ಕೋಯ್ಲಾವಾಲಾ, ಎಣ್ಣೆಯ ತೇಲ್‌ವಾಲಾ. ಪ್ರಯಾಣಿಕರ ಕಡೆ ಬಟ್ಲರು, ಭಂಡಾರಿ, ಪ್ಯಾಂಟ್ರಿ ಹುಡುಗರು. ಇನ್ನು ಕುಮಟಾ ಹೊನ್ನಾವರದ ಕಡೆಯ ಮಂಜಿ ಅನ್ನೋ ಹಾಯಿ ಹಡಗುಗಳಲ್ಲಿ ಯಜಮಾನಿಕೆ ಮಾಡುವವನು ತಾಂಡೇಲ. ಸಾರಂಗನೋ ತಾಂಡೇಲನೋ ರಜೆಗೆ ಊರಿಗೆ ಬಂದು "ನನ್ನ ಕೈಕೆಳಗೆ ನಲವತ್ತು ಜನ" ಅಂದರೆ, ಕೇಳಿದ ಹೊಲಮನೆಯವರು ಅದನ್ನ ಏನಂತ ತಿಳ್ಕೋಬೇಕು? ಕ್ಯಾಪ್ಟನ್ ಅಂದರು. ಒಂದು ತಲೆಮಾರು ದಾಟಿತು, ಅದೇ ನಿಂತುಬಿಡ್ತು.

ಎರಡನೇ ಸಾಕ್ಷಿ ಫೋಟೊ. "ಯೂನಿಫಾರ್ಮ್ ನೋಡಿ ಸಾರ್, ಬಿಳಿ ಕೋಟು, ಹಿತ್ತಾಳೆ ಗುಂಡಿ." ಬಿಳಿ ಕೋಟು, ಹಿತ್ತಾಳೆ ಗುಂಡಿ ಊಟ ಬಡಿಸೋ ಸ್ಟೂವರ್ಡ್‌ಗೂ ಇರ್ತಿತ್ತು. ಗುಂಡಿ ಬಿಡಿ, ತೋಳು ಅಥವಾ ಭುಜದ ಪಟ್ಟಿ ನೋಡಿ. ಬಂಗಾರದ ಗೆರೆ ನಾಲ್ಕಿದ್ದರೆ ಕ್ಯಾಪ್ಟನ್. ನಾಲ್ಕು ಗೆರೆಗಳ ನಡುವೆ ನೇರಳೆ ಬಟ್ಟೆಯಿದ್ದರೆ ಚೀಫ್ ಎಂಜಿನಿಯರ್, ನಮ್ಮ ಪಂಗಡ. ಬಿಳಿ ಇದ್ದರೆ ಲೆಕ್ಕಪತ್ರ ನೋಡೋ ಪರ್ಸರ್ ಕಡೆಯವರು, ಕೆಂಪಿದ್ದರೆ ಡಾಕ್ಟರು. ಕಪ್ಪುಬಿಳುಪು ಫೋಟೊದಲ್ಲಿ ನೇರಳೆ ಕಾಣಲ್ಲ, ಒಪ್ತೀನಿ. ಆದರೆ ಗೆರೆಯೇ ಇಲ್ಲದಿದ್ದರೆ ಬಣ್ಣದ ಮಾತು ಯಾಕೆ?

ಇದಕ್ಕೆ ಇಷ್ಟು ಸಿಟ್ಟು ಯಾಕೆ ಅಂದರೆ, ಈ ಒಂದು ತಪ್ಪಿನಿಂದ ಹುಡುಕಾಟವೇ ಹಾಳಾಗುತ್ತೆ. ಮನೆಯವರು ಲಂಡನ್ನಿನ ಹಡಗು ವಿಮೆಯ ಸಂಸ್ಥೆ ಲಾಯ್ಡ್ಸ್‌ನ ಕ್ಯಾಪ್ಟನ್ ರಿಜಿಸ್ಟರು, ಮಾಸ್ಟರುಗಳ ಸರ್ಟಿಫಿಕೇಟು ಪಟ್ಟಿ ಎಲ್ಲ ಜಾಲಾಡಿ, ಅಜ್ಜನ ಹೆಸರು ಕಾಣದೆ, "ಬ್ರಿಟಿಷರು ದಾಖಲೆ ಸುಟ್ಟುಹಾಕಿದ್ದಾರೆ" ಅಂತ ತೀರ್ಮಾನ ಮಾಡ್ತಾರೆ. ಸುಟ್ಟಿಲ್ಲ ಸ್ವಾಮಿ. ಪಕ್ಕದ ಕಪಾಟಿನಲ್ಲಿದೆ, ನೀವು ಆ ಬಾಗಿಲು ತೆಗೆದಿಲ್ಲ.

ಹೋದ ದೀಪಾವಳಿಗೆ ಒಬ್ಬ ಹುಡುಗ ಬಂದಿದ್ದ. ಅವನದ್ದೂ ಕ್ಯಾಪ್ಟನ್ ಕಥೆಯೇ. ಟ್ರಂಕು ನೋಡಿದ್ದೀಯಾ ಅಂದೆ, ಇಲ್ಲ ಅಂದ. ವಾಪಸ್ ಕಳಿಸಿದೆ. ಎರಡು ದಿನ ಬಿಟ್ಟು ಅಜ್ಜಿಯ ಧಾರೆ ಸೀರೆಯ ಮಡಿಕೆಯಲ್ಲಿ ಸಿಕ್ಕಿತಂತೆ ಅಂತ ಒಂದು ಪುಟ್ಟ ಪುಸ್ತಕ ತಂದ. ಬಟ್ಟೆ ಹೊದಿಸಿದ ರಟ್ಟು, ನುಸಿಗುಳಿಗೆಯ ವಾಸನೆ. ಸಿಡಿಸಿ, ಕಂಟಿನ್ಯುಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್. ಹಡಗಿನವನಿಗೆ ಇದೇ ಜಾತಕ. ಮೊದಲ ಪುಟದಲ್ಲಿ ಎತ್ತರ, ಮೈಬಣ್ಣ, ಗುರುತು. ಬಲ ಮುಂಗೈ ಮೇಲೆ ಹಚ್ಚೆ ಅಂತ ಬರೆದಿತ್ತು. ಮುಂದಿನ ಪುಟಗಳಲ್ಲಿ ಸಾಲು ಸಾಲಾಗಿ ಹಡಗಿನ ಹೆಸರು, ಅದರ ನೋಂದಣಿಯ ಅಫಿಷಿಯಲ್ ನಂಬರು, ಎಲ್ಲಿ ಯಾವತ್ತು ಹತ್ತಿದ್ದು, ಎಲ್ಲಿ ಯಾವತ್ತು ಇಳಿದದ್ದು, ಯಾವ ಹುದ್ದೆ. ಹುದ್ದೆಯ ಕಾಲಮ್ಮಿನಲ್ಲಿ ಎಲ್ಲ ಕಡೆ 'ಜಿ.ಎಸ್.' ಅಂತಿತ್ತು.

"ಜನರಲ್ ಸೆಕ್ರೆಟರಿ ಅಲ್ವಾ ಸಾರ್?" ಅಂದ.

ಜನರಲ್ ಸರ್ವೆಂಟ್ ಅಂದೆ. ಕ್ಯಾಬಿನ್ನಿನ ಹಾಸಿಗೆ ಹಾಸೋದು, ಪ್ಲೇಟು ಎತ್ತೋದು, ಕೂಗಿದಾಗ ಓಡೋದು. ಹುಡುಗನ ಮುಖ ಇಷ್ಟಾಯ್ತು. ನಾನು ಕೊನೇ ಕಾಲಮ್ಮಿಗೆ ಬೆರಳಿಟ್ಟೆ. ಪ್ರತಿ ಪ್ರಯಾಣ ಮುಗಿದಾಗಲೂ ಕೆಲಸಕ್ಕೊಂದು, ನಡತೆಗೊಂದು ಮುದ್ರೆ ಹೊಡೀತಾರೆ. ಹನ್ನೊಂದು ಸಾಲು, ಹನ್ನೊಂದರಲ್ಲೂ ಎರಡೂ 'ವೆರಿ ಗುಡ್'. ಇದನ್ನ ಹಗುರ ಅಂದ್ಕೋಬೇಡಿ. ಬೇಡದವನಿಗೆ ಕ್ಯಾಪ್ಟನ್ ಬೈದು ಬರೀತಿರಲಿಲ್ಲ, 'ಡಿಕ್ಲೈನ್ಸ್ ಟು ರಿಪೋರ್ಟ್' ಅಂತ ಮುದ್ರೆ ಒತ್ತುತ್ತಿದ್ದ. ಇವನ ಬಗ್ಗೆ ಏನೂ ಹೇಳಲಾರೆ ಅಂತ. ಅದೊಂದು ಬಿದ್ದರೆ ಮುಂದಿನ ಹಡಗು ಸಿಗೋದು ಕಷ್ಟವಿತ್ತು. ಕಟ್ಟುನಿಟ್ಟಿನ ಅಧಿಕಾರಿಗಳ ಕೈಯಲ್ಲಿ ಹನ್ನೊಂದು ಸಲ ವೆರಿ ಗುಡ್ ಅನ್ನಿಸಿಕೊಂಡವನು ಆ ಮುತ್ತಜ್ಜ. ನನ್ನ ಪುಸ್ತಕದಲ್ಲೂ ಅಷ್ಟು ಚೊಕ್ಕ ಇಲ್ಲ, ಬಿಡಿ.

ಈಗ ಆ ಅಫಿಷಿಯಲ್ ನಂಬರಿನ ವಿಷಯ. ಹುಡುಕೋಕೆ ಅಜ್ಜನ ಹೆಸರಿಗಿಂತ ಅದೇ ಮುಖ್ಯ. ಹಡಗಿನ ಹೆಸರು ಮೋಸ ಮಾಡುತ್ತೆ. ನಮ್ಮೂರಿನ ಒಬ್ಬ ಯಜಮಾನರು ತಂದೆ 'ಕಾರಂಜಿ' ಹಡಗಿನಲ್ಲಿದ್ದರು ಅಂತಿದ್ದರು. ಅದು ಕಾರಂಜಿಯಲ್ಲ, ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಅನ್ನೋ ಹಡಗು ಕಂಪನಿಯ 'ಕರಂಜಾ', ಬಾಂಬೆಯಿಂದ ಪೂರ್ವ ಆಫ್ರಿಕಾಕ್ಕೆ ಹೋಗ್ತಿದ್ದದ್ದು. ಆ ಹೆಸರಿನಲ್ಲಿ 1931ರದ್ದೊಂದಿತ್ತು, ಯುದ್ಧದಲ್ಲಿ 1942ರ ನವೆಂಬರ್‌ನಲ್ಲಿ ಅಲ್ಜೀರಿಯಾ ತೀರದಲ್ಲಿ ಬಾಂಬಿಗೆ ಮುಳುಗಿತು. ಯುದ್ಧ ಮುಗಿದ ಮೇಲೆ 1948ರಲ್ಲಿ ಅದೇ ಹೆಸರಿನ ಇನ್ನೊಂದು ಬಂತು. ಹೆಸರು ಒಂದೇ, ನಂಬರು ಬೇರೆ ಬೇರೆ.

ಬ್ರಿಟಿಷ್ ಹಡಗುಗಳ ಸಿಬ್ಬಂದಿ ಪಟ್ಟಿಗಳನ್ನ ಈ ನಂಬರಿನ ಪ್ರಕಾರವೇ ಜೋಡಿಸಿಟ್ಟಿದ್ದಾರೆ. ಅವು ಎಲ್ಲಿವೆ ಅಂತ ಕೇಳಿದರೆ ನಗ್ತೀರಿ. 1860ರ ದಶಕದಿಂದ 1938ರವರೆಗಿನದ್ದರಲ್ಲಿ ಹತ್ತರಲ್ಲೊಂದು ಪಾಲು ಲಂಡನ್ನಿನ ಕ್ಯೂನಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಐದರಿಂದ ಕೊನೆಯಾಗೋ ವರ್ಷಗಳ ಉಳಿದ ಪಟ್ಟಿಗಳು, ಅಂದರೆ 1905, 1915 ಹೀಗೆ, ಗ್ರೀನಿಚ್ಚಿನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿವೆ. ಬಾಕಿ ಬಹುಪಾಲು ಅಟ್ಲಾಂಟಿಕ್ ದಾಟಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ, ಅಲ್ಲಿನ ಮೆಮೋರಿಯಲ್ ವಿಶ್ವವಿದ್ಯಾಲಯದ ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್‌ನಲ್ಲಿ. ಜಗಳೂರಿನವನ ಹೆಬ್ಬೆಟ್ಟು ಹಿಮ ಬೀಳೋ ದ್ವೀಪದಲ್ಲಿ ಕೂತಿರಬಹುದು. ಅವರಿಗೆ ಹೆಸರು ಕೊಟ್ಟು ಹುಡುಕಿ ಅಂದರೆ ಆಗಲ್ಲ, ನಂಬರು ಮತ್ತು ವರ್ಷ ಕೊಡಬೇಕು. 1915ರ ಪಟ್ಟಿಗಳನ್ನಾದರೆ ಹೆಸರು ಸಹಿತ ಬಿಡಿಸಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದಾರೆ. 1939ರಿಂದ 1950ರ ಪಟ್ಟಿಗಳೂ, 1941ರಿಂದ 1972ರ ನಾವಿಕರ ರಿಜಿಸ್ಟರೂ ಕ್ಯೂನಲ್ಲಿವೆ.

ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ನೋಡಿ. ಎರಡನೇ ಮಹಾಯುದ್ಧದಲ್ಲಿ ಸತ್ತ ನಮ್ಮ ನೌಕಾಪಡೆ ಮತ್ತು ವಾಣಿಜ್ಯ ಹಡಗಿನವರು ಸುಮಾರು 6,500 ಜನರ ಹೆಸರು ಅದರಲ್ಲಿದೆ. ದುಡ್ಡು ಕೊಡಬೇಕಿಲ್ಲ. ಸ್ವಾತಂತ್ರ್ಯದ ನಂತರದವರಿಗೆ ಮುಂಬೈನ ಶಿಪ್ಪಿಂಗ್ ಮಾಸ್ಟರ್ ಕಚೇರಿಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ, ಸಿಡಿಸಿ ನಂಬರು ಕಾಣಿಸಿ. ಸೀಮನ್ಸ್ ಪ್ರಾವಿಡೆಂಟ್ ಫಂಡಿನ ಕಾಯ್ದೆ 1966ರದ್ದು, ಆಮೇಲೆ ದುಡಿದವರಿಗೆ ಆ ಪಿಎಫ್ ಪತ್ರವೂ ಮನೆಯಲ್ಲಿರಬಹುದು. ಇನ್ನೊಂದು ಮಾತು: ನಮ್ಮಲ್ಲಿ ಹಡಗು ಹತ್ತಿದವರೆಲ್ಲ 'ನೇವಿಯಲ್ಲಿದ್ದರು'. ಬಂದೂಕಿನ ನೇವಿಯೇ ಆಗಿದ್ದರೆ, ಯುದ್ಧದಲ್ಲಿ ಸತ್ತವರ ಆ ಪಟ್ಟಿ ಬಿಟ್ಟು ಈ ಯಾವ ಕಚೇರಿಯೂ ಉಪಯೋಗಕ್ಕೆ ಬರಲ್ಲ, ಮುಂಬೈ ಮಾನ್‌ಖುರ್ದ್‌ನ ಬ್ಯೂರೋ ಆಫ್ ಸೇಲರ್ಸ್‌ಗೆ ಸರ್ವೀಸ್ ನಂಬರ್ ಹಾಕಿ ಬರೀಬೇಕು.

ಇಷ್ಟು ಹೇಳಿದರೆ ಕೇಳಿದ್ದಕ್ಕೆ ಉತ್ತರವಾಯ್ತು. ಆದರೆ ಯಾರೂ ಕೇಳದ, ಎಲ್ಲರೂ ಎಡವೋ ಒಂದು ವಿಷಯವಿದೆ. ಅಜ್ಜನ ಊರು ಯಾವ ಜಿಲ್ಲೆ?

ದಾವಣಗೆರೆ ಅಂತೀರಿ. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಅಜ್ಜ ಹಡಗು ಹತ್ತಿದಾಗ ದಾವಣಗೆರೆ, ಹರಿಹರ, ಜಗಳೂರು ಎಲ್ಲ ಚಿತ್ರದುರ್ಗ ಜಿಲ್ಲೆ, ಮೈಸೂರು ಸಂಸ್ಥಾನ. ಅದನ್ನೂ ಅವರು ಚಿತ್ರದುರ್ಗ ಅಂತ ಬರೀತಿರಲಿಲ್ಲ, 'ಚಿತಲ್‌ಡ್ರೂಗ್' ಅಂತಿದ್ದರು. ಚನ್ನಗಿರಿ, ಹೊನ್ನಾಳಿಯವರಾದರೆ ಶಿವಮೊಗ್ಗ ಜಿಲ್ಲೆ. ಹರಪನಹಳ್ಳಿಯವರದ್ದು ಇನ್ನೂ ಮಜಾ. ಆಗ ಅದು ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರೆಸಿಡೆನ್ಸಿ. ಮೈಸೂರಿಗೆ ಬಂದಿದ್ದು 1953ರಲ್ಲಿ, ದಾವಣಗೆರೆಗೆ 1997ರಲ್ಲಿ, ಮತ್ತೆ ಬಳ್ಳಾರಿಗೆ 2018ರಲ್ಲಿ, ಅಲ್ಲಿಂದ ಹೊಸ ವಿಜಯನಗರ ಜಿಲ್ಲೆಗೆ 2021ರಲ್ಲಿ. ಊರು ಕದಲಿಲ್ಲ, ವಿಳಾಸ ಮಾತ್ರ ಊರೂರು ಸುತ್ತಿತು. ಆ ಊರಿನವನೊಬ್ಬನ ದಾಖಲೆಯಲ್ಲಿ 'ಮದ್ರಾಸ್' ಅಂತ ನೋಡಿ, "ಇದು ನಮ್ಮಜ್ಜ ಅಲ್ಲ, ಯಾರೋ ತಮಿಳಿನವರು" ಅಂತ ಎತ್ತಿಟ್ಟ ಕುಟುಂಬ ನನಗೆ ಗೊತ್ತು.

ಹೆಸರಿನದ್ದೂ ಇದೇ ಗೋಳು. ನಮಗೆ ಇನಿಷಿಯಲ್ಲು ಉಂಟು, ಅಡ್ಡಹೆಸರು ಇಲ್ಲ. ಶಿಪ್ಪಿಂಗ್ ಆಫೀಸಿನ ಗುಮಾಸ್ತ ಸರ್‌ನೇಮ್ ಏನಯ್ಯಾ ಅಂದರೆ ಊರಿನ ಹೆಸರು ಹೇಳಿದರು. ಬಸಪ್ಪ ಹೋಗಿ 'ದಾವಣಗೆರೆ, ಬಸ್ಸಾಪಾ' ಆದ. ಹಾಗಾಗಿ ಊರಿನ ಹೆಸರನ್ನೂ ಕುಲನಾಮದ ಜಾಗಕ್ಕೆ ಹಾಕಿ ಹುಡುಕಿ. ಹುಟ್ಟಿದ ದಿನವನ್ನಂತೂ ನಂಬಲೇಬೇಡಿ. ನಮ್ಮ ಅರ್ಧ ಊರು ಶಾಲೆಯ ಮೇಷ್ಟ್ರ ಕೃಪೆಯಿಂದ ಜೂನ್ 1ಕ್ಕೆ ಹುಟ್ಟಿದೆ. ಶಾಲೆಯನ್ನೇ ನೋಡದವರಿಗೆ ಗುಮಾಸ್ತ ಮುಖ ನೋಡಿ ವಯಸ್ಸು ಬರೆದ.

ತಂದೆ, ಅಜ್ಜ, ಮುತ್ತಜ್ಜರ ಸರಿಯಾದ ಹೆಸರು ಬೇಕಾದರೆ ಸುಗ್ಗಿ ಮುಗಿದ ಮೇಲೆ ಹೆಳವರು ಬರ್ತಾರಲ್ಲ, ಅವರನ್ನ ಕೂರಿಸಿ ಕೇಳಿ. ವಂಶ ಓದುವಾಗ ಯಾರು ಊರು ಬಿಟ್ಟು ಹೋದರು ಅಂತಲೂ ಹೇಳ್ತಾರೆ. ಹಡಗಿನ ಸುದ್ದಿ ಅವರ ಹತ್ತಿರ ಇರಲ್ಲ, ಆದರೆ ಮುತ್ತಜ್ಜನಿಗೆ ಇಬ್ಬರು ಅಣ್ಣತಮ್ಮಂದಿರಿದ್ದರು, ಮೂವರಿಗೂ ಹೆಚ್ಚುಕಡಿಮೆ ಒಂದೇ ಹೆಸರು ಅನ್ನೋದು ಅಲ್ಲೇ ಗೊತ್ತಾಗೋದು.

ದೀಪಾವಳಿಯ ಹುಡುಗ ನ್ಯೂಫೌಂಡ್‌ಲ್ಯಾಂಡಿಗೆ ನಂಬರು, ವರ್ಷ ಹಾಕಿ ಬರೆದಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಅವನ ಚಿಕ್ಕಪ್ಪ ಆ ಸಿಡಿಸಿಯನ್ನ ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸೋಕೆ ಹೊರಟಿದ್ದರಂತೆ. ಫೋನಿನಲ್ಲೇ ಕೂಗಿ ನಿಲ್ಲಿಸಿದೆ. ಆ ಬಿಸಿಗೆ ಹಳೇ ಕಾಗದದ ಮಸಿ, ಮುದ್ರೆ ಎಲ್ಲ ಹಾಳಾಗುತ್ತೆ, ಒಮ್ಮೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಲ್ಲ. ಒಣಗಿದ ಕೈಯಲ್ಲಿ ಪುಟ ತಿರುವಿ, ಮೊಬೈಲಿನಲ್ಲಿ ಒಂದೊಂದೇ ಪುಟದ ಫೋಟೊ ತೆಗೆದು, ವಾಪಸ್ ಅಜ್ಜಿಯ ಸೀರೆಯೊಳಗೇ ಇಡಿ. ನನ್ನ ಹತ್ತಿರ ಬರುವವರು ಆ ಫೋಟೊಗಳನ್ನ ತಂದರೆ ಸಾಕು.