ಓವರ್‌ಡ್ರೈವ್: ಕಾರಿಗೇರುವ ಮುನ್ನ ಬೆಂಚಿನ ಮೇಲೆ ಓಡಲಿ

ಓವರ್‌ಡ್ರೈವ್ ಎಂದರೆ ಗೇರ್‌ಬಾಕ್ಸಿನ ಹಿಂದೆ ಕೂರುವ, ಹೊರಶಾಫ್ಟನ್ನು ಎಂಜಿನ್ನಿಗಿಂತ ವೇಗವಾಗಿ ತಿರುಗಿಸುವ ಹೆಚ್ಚುವರಿ ಗೇರ್ ಯೂನಿಟ್. ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ, ಎಂಜಿಬಿ ಕಾರಿನ ಓವರ್‌ಡ್ರೈವ್ ಬಿಚ್ಚಬೇಕೆಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಎತ್ತಿ ಹೊರತೆಗೆಯಬೇಕು. ಟ್ರಯಂಫ್ ಟಿಆರ್ ಆದರೆ ಸೀಟು ಕಳಚಿ, ಗೇರ್‌ಬಾಕ್ಸನ್ನು ಕಾರಿನ ಒಳಗಿನಿಂದ ಎಳೆಯಬೇಕು. ಇಷ್ಟೆಲ್ಲ ಪಾಡುಪಟ್ಟು ರಿಪೇರಿ ಮಾಡಿದ ಯೂನಿಟ್ಟನ್ನು ಓಡಿಸಿ ನೋಡದೆ ಮತ್ತೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ರಸ್ತೆಯಲ್ಲಿ ಅದು ಕೆಲಸ ಮಾಡದಿದ್ದರೆ ತಪ್ಪು ವೈರಿನದೋ, ಎಣ್ಣೆಯ ಒತ್ತಡದ್ದೋ, ಹಲ್ಲುಚಕ್ರಗಳದ್ದೋ ಎಂದು ಬೇರ್ಪಡಿಸುವುದು ಬಹಳ ಕಷ್ಟ.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತಯಾರಾಗುತ್ತಿದ್ದ ಲೇಕಾಕ್ ಡಿ ನಾರ್ಮನ್‌ವಿಲ್ ಓವರ್‌ಡ್ರೈವ್ ಯೂನಿಟ್‌ನ ಎಣ್ಣೆ ಪಂಪ್ ಒಳಬರುವ ಶಾಫ್ಟ್‌ನ ಕ್ಯಾಮ್‌ನಿಂದಲೇ ನಡೆಯುತ್ತದೆ. ಆದ್ದರಿಂದ ಶಾಫ್ಟ್ ತಿರುಗದೆ ಒತ್ತಡವಿಲ್ಲ. ಒತ್ತಡ ಬಂದಾಗ ಪಿಸ್ಟನ್‌ಗಳು ಕೋನ್ ಕ್ಲಚ್ಚನ್ನು ಬ್ರೇಕ್ ರಿಂಗಿಗೆ ಒತ್ತುತ್ತವೆ, ನಡುವಿನ ಸನ್ ಗೇರ್ ನಿಲ್ಲುತ್ತದೆ, ಹೊರಶಾಫ್ಟ್ ವೇಗ ಪಡೆಯುತ್ತದೆ.

ಲೇಕಾಕ್‌ನ ಒಂದು ಬಗೆಯಾದ ಎ-ಮಾದರಿಯ ಯೂನಿಟ್ಟಿಗೆ ಗೇರ್‌ಬಾಕ್ಸ್ ಜೋಡಿಸಿ, ತಯಾರಕರು ಹೇಳಿದ ಎಣ್ಣೆ ಹಾಕಿ, ಟಾಪ್ ಗೇರಿನಲ್ಲಿಟ್ಟು ಮೋಟಾರಿನಿಂದ ತಿರುಗಿಸುತ್ತೇನೆ. ಘರ್ಷಣೆ ಇಳಿಸುವ ಸೇರ್ಪಡೆಗಳನ್ನು ಎಣ್ಣೆಗೆ ಬೆರೆಸಲೇಬಾರದು, ಕೋನ್ ಜಾರುತ್ತದೆ. ಪಿಸ್ಟನ್‌ಗಳಿಗೆ ಎಣ್ಣೆಯ ಒತ್ತಡ ಬಿಡುವ ಆಪರೇಟಿಂಗ್ ವಾಲ್ವಿನ ಪ್ಲಗ್ ತೆಗೆದು ಅಲ್ಲಿ ಪ್ರೆಶರ್ ಗೇಜ್ ಕೂರಿಸಬೇಕು. ಗೇಜ್ ತೋರಿಸುವ ಒತ್ತಡ ಆ ಮಾದರಿಯ ಕೈಪಿಡಿಯ ಅಂಕಿಗೆ ಬರಬೇಕು, ಬಂದು ಸ್ಥಿರವಾಗಿ ನಿಲ್ಲಬೇಕು. ನಂತರ ವೇಗ: 0.82 ಅನುಪಾತದ ಯೂನಿಟ್ಟಿಗೆ ಒಳಗೆ 820 ಸುತ್ತು ಕೊಟ್ಟರೆ ಹೊರಗೆ 1000 ಬರಬೇಕು. ಆದರೆ ಭಾರವಿಲ್ಲದಾಗ ಸವೆದ ಕೋನ್ ಕೂಡ ಹಿಡಿದುಕೊಂಡಂತೆ ತೋರುತ್ತದೆ. ಹೊರಶಾಫ್ಟಿಗೆ ಬ್ರೇಕ್ ಹಾಕಿ ಒಂದಿಷ್ಟು ಭಾರ ಕೊಟ್ಟ ಮೇಲೆಯೇ ನಾನು ಆ ಲೆಕ್ಕವನ್ನು ನಂಬುವುದು.

ಓವರ್‌ಡ್ರೈವ್ ಹಿಡಿಯುವುದನ್ನಷ್ಟೇ ನೋಡಿ ಸಮಾಧಾನಪಡುವವರಿದ್ದಾರೆ. ನನಗೆ ಅದು ಬಿಡುವುದೇ ಹೆಚ್ಚು ಮುಖ್ಯ. ವಾಲ್ವಿನಲ್ಲಿರುವ ಸಣ್ಣ ರಂಧ್ರ ಕಸದಿಂದ ಕಟ್ಟಿಕೊಂಡರೆ ಒತ್ತಡ ಇಳಿಯುವುದಿಲ್ಲ, ಓವರ್‌ಡ್ರೈವ್ ಸಿಕ್ಕಿಹಾಕಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ರಿವರ್ಸ್ ಹಾಕಿದರೆ ಒಮ್ಮುಖ ರೋಲರ್ ಕ್ಲಚ್ ಬಿಗಿದುಕೊಂಡು ಒಳಗಿನದೆಲ್ಲ ಮುರಿಯಬಹುದು. ಆದ್ದರಿಂದ ಎಣ್ಣೆ ಬಿಸಿಯಾದ ಮೇಲೂ ಹಾಕಿ ಬಿಡುವುದನ್ನು ಮತ್ತೆ ಮತ್ತೆ ಮಾಡಿ ನೋಡಬೇಕು.

ಕೊನೆಗೆ ಸೊಲೆನಾಯ್ಡ್, ಅಂದರೆ ವಿದ್ಯುತ್ ಹರಿದಾಗ ಪ್ಲಂಜರ್ ಎಂಬ ಕಡ್ಡಿಯನ್ನು ಎಳೆದು ವಾಲ್ವಿನ ಲಿವರ್ ತಿರುಗಿಸುವ ಕಾಯಿಲ್. ಅದಕ್ಕೆ ವಿದ್ಯುತ್ ಕೊಟ್ಟು ಲಿವರಿನ ರಂಧ್ರದ ಮೂಲಕ 3/16 ಅಂಗುಲದ ಪಿನ್ ಕವಚದ ರಂಧ್ರಕ್ಕೆ ಸಲೀಸಾಗಿ ಹೋಗುತ್ತದೆಯೇ ಪರೀಕ್ಷಿಸಿ. ಸೆಳೆಯುವಾಗ ಸುಮಾರು 15ರಿಂದ 20 ಆಂಪಿಯರ್ ಎಳೆದು, ತಕ್ಷಣ 2 ಆಂಪಿಯರಿನ ಆಸುಪಾಸಿಗೆ ಇಳಿಯಬೇಕು. ಮೀಟರಿನ ಮುಳ್ಳು ಇಳಿಯದೆ ಮೇಲೆಯೇ ನಿಂತರೆ ಕೂಡಲೇ ಸ್ವಿಚ್ ಆರಿಸಿ: ಪ್ಲಂಜರ್ ಪೂರ್ತಿ ಒಳಗೆ ಹೋಗಿಲ್ಲ, ಕಾಯಿಲ್ ಸುಡುತ್ತದೆ. ಲಿವರಿನ ಹೊಂದಾಣಿಕೆ ಸರಿಪಡಿಸಿ ಮತ್ತೆ ಅಳೆಯಿರಿ.