ಎಐ ಓಟ ನಿಧಾನವಾಗಲೇಬೇಕಾ?

ಎಐ ಬೆಳವಣಿಗೆ ಇನ್ನೇನು ನಿಲ್ಲುತ್ತದೆ ಎನ್ನುತ್ತಾರೆ ಕೆಲವರು. ಇದು ಬರೀ ಶುರು ಎನ್ನುತ್ತಾರೆ ಇನ್ನು ಕೆಲವರು. ತಮಾಷೆ ಅಂದರೆ, ಇಬ್ಬರೂ ತೋರಿಸುವುದು ಒಂದೇ ಗ್ರಾಫನ್ನು.

1956ರ ಡಾರ್ಟ್‌ಮತ್ ಸಭೆಯಲ್ಲಿ ಹೆಸರು ಪಡೆದ ಈ ಕ್ಷೇತ್ರ 70ರ ದಶಕದಲ್ಲಿ ಒಮ್ಮೆ, 80ರ ದಶಕದ ಕೊನೆಗೆ ಇನ್ನೊಮ್ಮೆ ಮಕಾಡೆ ಮಲಗಿತ್ತು. 2012ರಲ್ಲಿ ಅಲೆಕ್ಸ್‌ನೆಟ್ ಎಂಬ ಎಐ ಪ್ರೋಗ್ರಾಂ ಎರಡೇ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಕಲಿತು ಚಿತ್ರ ಗುರುತಿಸುವ ಸ್ಪರ್ಧೆ ಗೆದ್ದಿತು. ಅಲ್ಲಿಂದ ಮತ್ತೆ ಓಟ.

ಈಗಿನ ಗೊಂದಲದ ಬೇರು ಮಾತ್ರ 2020ರಲ್ಲಿದೆ. ಆ ವರ್ಷ ಓಪನ್‌ಎಐ (ಮುಂದೆ ಚಾಟ್‌ಜಿಪಿಟಿ ತಂದ ಕಂಪನಿ) ಸಂಶೋಧಕರು ‘ಸ್ಕೇಲಿಂಗ್ ಲಾ’, ಅಂದರೆ ಹಿಗ್ಗಿಸುವಿಕೆಯ ನಿಯಮ, ಮುಂದಿಟ್ಟರು. ಇಬ್ಬರೂ ತೋರಿಸುವ ಗ್ರಾಫ್ ಇದರದ್ದೇ. ಮಾಡೆಲ್ (ಕಲಿಯುವ ಪ್ರೋಗ್ರಾಂ), ಡೇಟಾ, ಕಂಪ್ಯೂಟ್ (ಕಲಿಸಲು ಬಳಸುವ ಒಟ್ಟು ಲೆಕ್ಕಾಚಾರ) ಮೂರನ್ನೂ ಹಿಗ್ಗಿಸಿದರೆ ಮುಂದಿನ ಪದ ಊಹಿಸುವಾಗಿನ ತಪ್ಪು ಲೆಕ್ಕಕ್ಕೆ ಸಿಗುವಂತೆ ಇಳಿಯುತ್ತದೆ. ಅವರದೇ 2019ರ ಮಾಡೆಲ್ ಜಿಪಿಟಿ-2ರಲ್ಲಿ 150 ಕೋಟಿ ಪ್ಯಾರಾಮೀಟರ್ (ಕಲಿಯುವಾಗ ಹೊಂದಿಸಿಕೊಳ್ಳುವ ಸಂಖ್ಯೆಗಳು) ಇದ್ದವು. ಮರುವರ್ಷದ ಜಿಪಿಟಿ-3ರಲ್ಲಿ 17,500 ಕೋಟಿ.

ಇಳಿಯುತ್ತದೆ ಎಂಬುದನ್ನು ಎಲ್ಲರೂ ಓದಿದರು. ಎಷ್ಟು ಎಂಬುದನ್ನು ಅಷ್ಟಾಗಿ ಓದಲಿಲ್ಲ. ಆ ಲೆಕ್ಕದಂತೆ ಕಂಪ್ಯೂಟ್ 10 ಪಟ್ಟು ಮಾಡಿದರೆ ತಪ್ಪು ತಗ್ಗುವುದು ಸುಮಾರು ಶೇ. 11. ಅರ್ಧಕ್ಕೆ ಇಳಿಸಲು ಹತ್ತಿರ ಹತ್ತಿರ 10 ಲಕ್ಷ ಪಟ್ಟು ಬೇಕು! ಮುಂಚೂಣಿ ಮಾಡೆಲ್‌ಗಳ ಕಂಪ್ಯೂಟ್ 2010ರಿಂದೀಚೆಗೆ ವರ್ಷಕ್ಕೆ ಸುಮಾರು 4 ಪಟ್ಟು ಏರಿದೆ. ಒಂದನ್ನು ನಾಲ್ಕರಿಂದ 10 ಸಲ ಗುಣಿಸುತ್ತಾ ಹೋಗಿ, ಅದೇ 10 ಲಕ್ಷ. ಅಂದರೆ ಒಂದು ದಶಕದ ಹುಚ್ಚು ಖರ್ಚಿಗೆ ಒಂದೇ ಮೆಟ್ಟಿಲು. ಮುಂದಿನದಕ್ಕೆ ಮತ್ತೆ ಅಷ್ಟೇ ಪಟ್ಟು. ಎಲ್ಲಿಂದ ತರೋದು? (ಸಣ್ಣ ಇಳಿಕೆಯಲ್ಲೇ ಹೊಸ ಜಾಣತನ ಕಾಣಿಸಿದ್ದೂ ಉಂಟು. ಅದನ್ನು ಸುಮ್ನೆ ತಳ್ಳಿಹಾಕಲಾಗದು.)

2022ರಲ್ಲಿ ಗೂಗಲ್ ಬಳಗದ ಡೀಪ್‌ಮೈಂಡ್‌ನ ಮಾಡೆಲ್ ಚಿಂಚಿಲ್ಲಾ ಒಂದು ಒಳದಾರಿ ತೋರಿಸಿತು. 7,000 ಕೋಟಿ ಪ್ಯಾರಾಮೀಟರ್‌ನ ಅದು, ಅಷ್ಟೇ ಕಂಪ್ಯೂಟ್‌ನಲ್ಲಿ ಜಾಸ್ತಿ ಪಠ್ಯ ಓದಿ, ಅದೇ ಕಂಪನಿಯ 28,000 ಕೋಟಿಯ ಗೋಫರ್ ಅನ್ನು ಹಿಂದೆ ಹಾಕಿತು. ಆಮೇಲೆ ಪಠ್ಯಕ್ಕೇ ಬರ ಬಂತು. ‘ಇರುವುದು ಒಂದೇ ಇಂಟರ್ನೆಟ್’ ಎಂದು ಓಪನ್‌ಎಐ ಸಹಸ್ಥಾಪಕ ಇಲ್ಯಾ ಸುಟ್‌ಸ್ಕೇವರ್ 2024ರ ಡಿಸೆಂಬರ್‌ನಲ್ಲಿ ಹೇಳಿದರು. ಅಷ್ಟರಲ್ಲಿ ಉತ್ತರ ಕೊಡುವ ಮುನ್ನ ಹೆಚ್ಚು ಹೊತ್ತು ಯೋಚಿಸುವ ಓಪನ್‌ಎಐನ ಓ1 ಮಾಡೆಲ್ ಬಂದಿತ್ತು. ಸಾಮರ್ಥ್ಯ ಏರಿತು, ಜೊತೆಗೆ ಪ್ರತಿ ಉತ್ತರದ ಖರ್ಚೂ ಏರಿತು.

ಉಳಿದದ್ದು ಇಷ್ಟೆಲ್ಲ ಕಂಪ್ಯೂಟ್‌ಗೆ ಬೇಕಾದ ಕರೆಂಟ್. 2019ರಲ್ಲಿ ಮುಚ್ಚಿದ್ದ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಪರಮಾಣು ರಿಯಾಕ್ಟರನ್ನು ಮತ್ತೆ ಶುರು ಮಾಡಿಸಿ, ಅದರಿಂದ 20 ವರ್ಷ ವಿದ್ಯುತ್ ಕೊಳ್ಳಲು 2024ರಲ್ಲಿ ಮೈಕ್ರೋಸಾಫ್ಟ್ ಒಪ್ಪಂದ ಮಾಡಿಕೊಂಡಿತು. ಹೊಸ ಸ್ಥಾವರ, ಹೊಸ ಲೈನ್ ಆಗಲು ವರ್ಷಗಟ್ಟಲೆ ಬೇಕು. ವರ್ಷಕ್ಕೆ 4 ಪಟ್ಟು ಎಂಬ ಏರಿಕೆ ಅದಕ್ಕೆಲ್ಲ ಕಾಯುವುದಿಲ್ಲ. ಹಾಗಾಗಿ ಕಂಪ್ಯೂಟ್ ಸುರಿಯುವ ವೇಗ ತಗ್ಗಲೇಬೇಕು. ಆಗಲೂ ಸಾಮರ್ಥ್ಯ ಏರಬೇಕಾದರೆ ಚಿಂಚಿಲ್ಲಾದಂಥ ಉಪಾಯಗಳು ಮೇಲಿಂದ ಮೇಲೆ ಹೊಳೆಯಬೇಕು. ಅವು ಯಾವಾಗ ಹೊಳೆಯುತ್ತವೆ ಎಂದು ಯಾವ ಗ್ರಾಫೂ ಖಚಿತವಾಗಿ ಹೇಳಲಾರದು.